ಜೋಡಿ ಇಂಜಿನ್ ಮತ್ತು ಮಾಳಿಗೆಯ ಘಾಟಿ: ಒಂದು ಮಾಡೆಲ್ ರೈಲಿನ ಪ್ರಕರಣ

ಗಾಡಿ ಭಾರವಾಯಿತು, ಇನ್ನೊಂದು ಇಂಜಿನ್ ಕಟ್ಟು. ಮಾಡೆಲ್ ರೈಲು ಓಡಿಸುವ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದು. ಕಾಸರಗೋಡು ಜಿಲ್ಲೆಯ ಒಂದು ಮನೆಯಲ್ಲಿ ಇದನ್ನೇ ಮಾಡಿದರು. ಒಂದು ಸಾಲದೆ ಎರಡು ಕಟ್ಟಿದರು, ಎರಡು ಸಾಲದೆ ಮೂರು ಕಟ್ಟಿದರು. ಪ್ರತಿ ಸಲ ತೊಂದರೆ ಜಾಸ್ತಿಯೇ ಆಯಿತು. ಕೊನೆಗೆ ಅದು ಸರಿಯಾದ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಅದೇ ಹವ್ಯಾಸದ ಗೆಳೆಯನಾಗಿ ನಾನು ಇದನ್ನು ಹತ್ತಿರದಿಂದ ನೋಡಿದೆ, ಕೆಲವು ಕಡೆ ಕೈ ಜೋಡಿಸಿದೆ.

ಮನೆಯವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು, ಊರು, ಸಾಮಾನಿನ ಕಂಪನಿ ಯಾವುದೂ ಇಲ್ಲಿಲ್ಲ. ಇಂಜಿನ್‌ಗಳನ್ನು ಬಣ್ಣದಿಂದ ಗುರುತಿಸೋಣ: ಕೆಂಪು, ಹಸಿರು, ನೀಲಿ.

ಹಿನ್ನೆಲೆ

ಮನೆಯ ಯಜಮಾನರು ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಸುತ್ತಮುತ್ತಲಿನವರಿಗೆಲ್ಲ ಅವರು ಮಾಷ್ಟ್ರು. ಅವರ ಅಕ್ಕನ ಮಗ ವೈರಿಂಗ್ ಕೆಲಸ ಬಲ್ಲವನು, ಮಂಗಳೂರಿನಲ್ಲಿ ನೌಕರಿ. ರಜೆ ಸಿಕ್ಕಿದಾಗ ಮಾವನ ಮನೆಗೆ ಬರುತ್ತಾನೆ. ಬದಿಯಡ್ಕದಿಂದ ಆಚೆಗಿನ ತೋಟದ ಮನೆ ಅದು. ಮಾಳಿಗೆಯ ಕೋಣೆಯಲ್ಲಿ ಮೊದಲು ಸುಲಿದ ಅಡಿಕೆಯ ಗೋಣಿ ಇಡುತ್ತಿದ್ದರು. 14 ಅಡಿ ಉದ್ದ, 10 ಅಡಿ ಅಗಲ. ಈಗ ಗೋಡೆಯ ಸುತ್ತ ಪ್ಲೈವುಡ್ ಹಲಗೆ, ಅದರ ಮೇಲೆ ಎಚ್‌ಒ ಅಳತೆಯ ಹಳಿ.

ಎಚ್‌ಒ ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜಿನ 1676 ಮಿಲಿಮೀಟರನ್ನು 87ರಿಂದ ಭಾಗಿಸಿದರೆ 19ಕ್ಕಿಂತ ಜಾಸ್ತಿ ಬರಬೇಕು ಎಂದು ಮಾಷ್ಟ್ರು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಆದರೆ ಸುಲಭವಾಗಿ ಸಿಗುವುದು 16.5. ಅದಕ್ಕೇ ಹೊಂದಿಕೊಂಡಿದ್ದಾರೆ.

ಅವರ ಮನಸ್ಸಿನಲ್ಲಿ ಇದ್ದದ್ದು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ. 57 ಸುರಂಗಗಳ ದಾರಿ. 50 ಅಡಿ ಮುಂದೆ ಹೋದರೆ ಒಂದಡಿ ಏರು. ಭಾರದ ಗಾಡಿಗೆ ಮುಂದಿನ ಇಂಜಿನ್ ಸಾಲುವುದಿಲ್ಲ, ಹಿಂದಿನಿಂದ ತಳ್ಳಲು ಬ್ಯಾಂಕರ್ ಇಂಜಿನ್ ಬೇಕು. ಆ ನೋಟವನ್ನು ಮಾಳಿಗೆಯಲ್ಲಿ ಕಟ್ಟಬೇಕೆಂಬುದು ಅವರ ಆಸೆ. ಜಾಗ ಮಾತ್ರ ಕಡಿಮೆ. ಮೇಲಿನ ಹಳಿ ಕೆಳಗಿನ ಹಳಿಯನ್ನು ದಾಟಲು ಸುಮಾರು 8 ಸೆಂಟಿಮೀಟರ್ ಎತ್ತರ ಬೇಕಿತ್ತು. ಅಷ್ಟು ಏರಲು ಸಿಕ್ಕ ಉದ್ದ 2.4 ಮೀಟರ್. ಹಾಗಾಗಿ ಮಾಳಿಗೆಯ ಘಾಟಿ 50ಕ್ಕೆ ಒಂದರ ಬದಲು 30ಕ್ಕೆ ಒಂದಾಯಿತು. ಅದರ ಅರ್ಧ ಭಾಗ ತಿರುವಿನಲ್ಲೂ ಇತ್ತು.

ಓಡಿಸುವುದು ಡಿಸಿಸಿಯಲ್ಲಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಈ ಪದ್ಧತಿಯಲ್ಲಿ ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ಆದೇಶಗಳೂ ಅದೇ ಹಳಿಯಲ್ಲೇ ಹರಿಯುತ್ತವೆ. ಇಂಜಿನ್ ಒಳಗಿನ ಡಿಕೋಡರ್ ತನ್ನ ವಿಳಾಸಕ್ಕೆ ಬಂದ ಆದೇಶವನ್ನು ಮಾತ್ರ ಪಾಲಿಸುತ್ತದೆ. ಜರ್ಮನಿಯ ಲೆನ್ಝ್ ಕಂಪನಿಯ ಕೆಲಸವನ್ನು ಆಧಾರ ಮಾಡಿಕೊಂಡು ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಘ 1990ರ ದಶಕದಲ್ಲಿ ಇದಕ್ಕೆ ಒಂದು ಮಾನದಂಡ ಮಾಡಿತು. ಹಾಗಾಗಿ ಬೇರೆ ಬೇರೆ ಕಂಪನಿಯ ಇಂಜಿನ್‌ಗಳು ಒಂದೇ ಹಳಿಯಲ್ಲಿ ಓಡುತ್ತವೆ. ಎರಡು ಇಂಜಿನ್‌ಗಳನ್ನು ಒಂದೇ ವಿಳಾಸಕ್ಕೆ ಸೇರಿಸುವ ಸೌಲಭ್ಯವೂ ಅದರಲ್ಲೇ ಇದೆ. ಇದನ್ನು ಕನ್‌ಸಿಸ್ಟ್ ಎನ್ನುತ್ತಾರೆ.

ತೊಂದರೆ

18 ವ್ಯಾಗನ್‌ಗಳ ಗೂಡ್ಸ್ ಗಾಡಿ. ಕೆಂಪು ಒಂದೇ ಎಳೆದಾಗ ಘಾಟಿಯ ನಡುವೆ ಚಕ್ರ ಜಾರಿ ನಿಂತಿತು. ಇದು ನಿರೀಕ್ಷಿತವೇ. ಅಳಿಯ ಹಸಿರನ್ನೂ ಕಟ್ಟಿದ, ಎರಡನ್ನೂ ಒಂದು ವಿಳಾಸಕ್ಕೆ ಸೇರಿಸಿದ. ಗಾಡಿ ಏರಿತು. ಆದರೆ ನೋಡಲು ಹಿತ ಇರಲಿಲ್ಲ. ಕೆಂಪಿನ ಚಕ್ರ ಗರಗರ ತಿರುಗುತ್ತಿತ್ತು, ಗಾಡಿ ಜಗ್ಗಿ ಜಗ್ಗಿ ಹೋಗುತ್ತಿತ್ತು. ಏರು ಶುರುವಾಗುವ ಜಾಗದಲ್ಲಿ ಎರಡು ಇಂಜಿನ್‌ಗಳ ನಡುವಿನ ಕಪ್ಲಿಂಗ್ ಬಿಟ್ಟುಕೊಳ್ಳುತ್ತಿತ್ತು. ಕೆಲವು ಸಲ ವ್ಯಾಗನ್‌ಗಳ ನಡುವೆ ಬಿಟ್ಟು, ಅರ್ಧ ಗಾಡಿ ಹಿಂದಕ್ಕೆ ಉರುಳಿ ಬಂತು. ಕೆಂಪಿನ ಚಕ್ರಕ್ಕೆ ಹಿಡಿತಕ್ಕೆಂದು ಹಾಕಿದ ರಬ್ಬರ್ ಬಳೆ ಕಿತ್ತು ಬಂತು. ಅದರ ಮೋಟಾರು ಮುಟ್ಟಿದರೆ ಸುಡುತ್ತಿತ್ತು.

"ಬಲ ಸಾಲದು ಮಾವ, ಇನ್ನೊಂದು ತರಿಸುವ" ಎಂದ ಅಳಿಯ. ನೀಲಿ ಬಂದದ್ದು ಹಾಗೆ.

ಮೂರನೇ ಇಂಜಿನ್ ಬಂದ ಮೇಲೆ ಗಾಡಿಯನ್ನೂ ಉದ್ದ ಮಾಡಬೇಕು ಅನ್ನಿಸಿತು. 26 ವ್ಯಾಗನ್ ಕಟ್ಟಿದರು. ಈಗ ಹೊಸ ಅಪಾಯ. ತಿರುವಿನಲ್ಲಿ ಇಂಜಿನ್‌ಗಳ ಹಿಂದಿನ ಹಗುರ ವ್ಯಾಗನ್‌ಗಳು ಒಳಗಡೆಗೆ ವಾಲಿ ಬಿದ್ದವು. ಉದ್ದ ಗಾಡಿಯ ಭಾರವೆಲ್ಲ ಮೊದಲ ಕೆಲವು ವ್ಯಾಗನ್‌ಗಳ ಮೂಲಕವೇ ಎಳೆಯಬೇಕಲ್ಲ. ಆ ಎಳೆತ ತಿರುವನ್ನು ಬಿಟ್ಟು ನೇರ ಆಗಲು ನೋಡುತ್ತದೆ. ಹಗುರ ವ್ಯಾಗನ್ ಅದನ್ನು ತಡೆಯಲಾರದು. ಮೂರು ವ್ಯಾಗನ್ ನೆಲಕ್ಕೆ ಬಿದ್ದು ಒಂದರ ಚಕ್ರದ ಚೌಕಟ್ಟು ಮುರಿಯಿತು. ಮಾಷ್ಟ್ರು ಹಲಗೆಯ ಅಂಚಿಗೆ ಹಳೆಯ ಸೊಳ್ಳೆಪರದೆ ಕಟ್ಟಿದರು. ಅದು ಇವತ್ತಿಗೂ ಇದೆ. ಎತ್ತರದ ಲೇಔಟ್ ಇರುವ ಯಾರಿಗಾದರೂ ನಾನು ಮೊದಲು ಹೇಳುವುದು ಅದನ್ನೇ.

ಕಾಳುಮೆಣಸಿನ ತಕ್ಕಡಿ

ಮೊದಲ ತಿರುವು ಬಂದದ್ದು ಮಾಷ್ಟ್ರ ಒಂದು ಪ್ರಶ್ನೆಯಿಂದ. "ಬಲ ಸಾಲದು ಅಂತ ಹೇಳುತ್ತೀಯಲ್ಲ ಮಾರಾಯ, ಎಷ್ಟು ಬೇಕು, ಎಷ್ಟು ಇದೆ?" ಅಲ್ಲಿಯವರೆಗೆ ಯಾರೂ ಅಳೆದಿರಲಿಲ್ಲ.

ಮನೆಯಲ್ಲಿ ಕಾಳುಮೆಣಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. ಅದರ ಮೇಲೆ ಅರ್ಧ ಕಿಲೋ ತೂಕದ ಕಲ್ಲು ಇಟ್ಟರು. ಕಲ್ಲಿಗೆ ದಾರ ಕಟ್ಟಿ, ದಾರವನ್ನು ಒಂದು ಸಣ್ಣ ರಾಟೆಯ ಮೇಲಿಂದ ತಂದು ಇಂಜಿನ್ನಿನ ಕಪ್ಲಿಂಗಿಗೆ ಸಿಕ್ಕಿಸಿದರು. ಇಂಜಿನ್ ಎಳೆದಾಗ ಕಲ್ಲು ಹಗುರಾಗುತ್ತದೆ. ತಕ್ಕಡಿಯಲ್ಲಿ ಎಷ್ಟು ಇಳಿಯಿತೋ ಅಷ್ಟು ಇಂಜಿನ್ನಿನ ಎಳೆತ. ಬಹಳ ಸರಳ ಪರೀಕ್ಷೆ.

ಹೊಸ ರಬ್ಬರ್ ಬಳೆ ಹಾಕಿದ ಕೆಂಪು 95 ಗ್ರಾಂ ಎಳೆಯಿತು. ಹಸಿರು 80. ಎರಡೂ ಸುಮಾರು 400 ಗ್ರಾಂ ತೂಕದವು. ಮಾಡೆಲ್ ಇಂಜಿನ್ ತನ್ನ ತೂಕದ ಕಾಲು ಭಾಗದ ಹತ್ತಿರ ಎಳೆದರೆ ಚೆನ್ನಾಗಿದೆ ಎಂದೇ ಲೆಕ್ಕ. ಹಾಗಾಗಿ ಎರಡರಲ್ಲೂ ದೋಷ ಇರಲಿಲ್ಲ. ಜೋಡಿ ಕಟ್ಟಿ ನೋಡಿದಾಗ 170ರ ಹತ್ತಿರ ಬಂತು.

ಈಗ ಬೇಕಾದದ್ದು ಎಷ್ಟು? 18 ವ್ಯಾಗನ್, ಒಂದೊಂದು ಸುಮಾರು 80 ಗ್ರಾಂ. ಒಟ್ಟು 1440. 30ಕ್ಕೆ ಒಂದರ ಏರಿನಲ್ಲಿ ಭಾರದ 30ರಲ್ಲಿ ಒಂದು ಪಾಲು ಹಿಂದಕ್ಕೆ ಎಳೆಯುತ್ತದೆ, ಅಂದರೆ 48 ಗ್ರಾಂ. ಚಕ್ರ ಉರುಳುವ ಘರ್ಷಣೆ ಮತ್ತು ತಿರುವಿನದ್ದು ಸೇರಿಸಿದರೂ 100 ದಾಟುವುದಿಲ್ಲ. ಏರಿನಲ್ಲಿ ಇಂಜಿನ್‌ಗಳು ತಮ್ಮನ್ನು ತಾವೂ ಹೊತ್ತುಕೊಳ್ಳಬೇಕು, ಒಂದೊಂದಕ್ಕೆ 13 ಗ್ರಾಂನಷ್ಟು ಅದಕ್ಕೆ ಹೋಗುತ್ತದೆ. ಆದರೂ ಜೋಡಿಯಲ್ಲಿ 145ರ ಹತ್ತಿರ ಉಳಿಯುತ್ತದೆ.

"ಕೂಡಿಸಿದ್ದು ಸರಿ ಬಂತು. ಬೇಕಾದ್ದಕ್ಕಿಂತ ಜಾಸ್ತಿಯೇ ಉಂಟು. ಹಾಗಾದರೆ ಎಂತ ಇದು?" ಎಂದರು ಮಾಷ್ಟ್ರು. ನನ್ನ ಪ್ರಕಾರ ಇಡೀ ಪ್ರಕರಣದ ಮುಖ್ಯ ಘಳಿಗೆ ಇದೇ. ಬಲದ ಕೊರತೆ ಇಲ್ಲ ಎಂದು ಗೊತ್ತಾದ ಮೇಲೆ ಎಲ್ಲರ ಕಣ್ಣು ಬೇರೆ ಕಡೆಗೆ ಹೊರಳಿತು. ನೀಲಿಯನ್ನು ತೆಗೆದು ಕಪಾಟಿನಲ್ಲಿ ಇಟ್ಟರು. ಗಾಡಿ ಮತ್ತೆ 18 ವ್ಯಾಗನ್‌ಗೆ ಬಂತು.

ಒಂದೇ ಆದೇಶ, ಬೇರೆ ವೇಗ

ನಿಂತಲ್ಲೇ ಚಕ್ರ ಜಾರುವಾಗ ಎರಡರ ಎಳೆತವೂ ಕೂಡುತ್ತದೆ. ಓಡುವಾಗ ಹಾಗಲ್ಲ. ಇದಕ್ಕೆ ಕಾರಣ ಮಾಡೆಲ್ ಇಂಜಿನ್ನಿನ ಹೊಟ್ಟೆಯೊಳಗೆ ಇದೆ. ಮೋಟಾರಿನ ತಿರುಗುವಿಕೆ ಚಕ್ರಕ್ಕೆ ಹೋಗುವುದು ವರ್ಮ್ ಗೇರ್ ಮೂಲಕ, ಅಂದರೆ ಸ್ಕ್ರೂ ತರಹದ ಗೇರು. ಕಾರಿನ ಜಾಕಿಯ ಹಾಗೆ ಅದು: ಹಿಡಿ ತಿರುಗಿಸಿದರೆ ಕಾರು ಏಳುತ್ತದೆ, ಆದರೆ ಕಾರಿನ ಭಾರಕ್ಕೆ ಹಿಡಿ ಹಿಂದಕ್ಕೆ ತಿರುಗುವುದಿಲ್ಲ. ಮೋಟಾರು ಚಕ್ರವನ್ನು ತಿರುಗಿಸುತ್ತದೆ, ಚಕ್ರ ಮೋಟಾರನ್ನು ತಿರುಗಿಸಲಾರದು. ಹಾಗಾಗಿ ನಿಧಾನದ ಇಂಜಿನ್ನನ್ನು ಬೇಗದ್ದು ಎಳೆದರೆ ಅದು ಸಲೀಸಾಗಿ ಉರುಳಿಕೊಂಡು ಬರುವುದಿಲ್ಲ. ಚಕ್ರ ಹಳಿಯ ಮೇಲೆ ಉಜ್ಜುತ್ತದೆ, ಬ್ರೇಕಾಗುತ್ತದೆ. ಇಲ್ಲವೇ ಬೇಗದ್ದು ಜಾರುತ್ತದೆ. ಎರಡೂ ಸರದಿಯಲ್ಲಿ ಆಗುವುದೇ ಆ ಜಗ್ಗಾಟ.

ದೊಡ್ಡ ರೈಲಿನಲ್ಲಿ ಈ ಕಷ್ಟ ಇಲ್ಲ. ಹಲವು ಮೋಟಾರು ಗಾಡಿಗಳನ್ನು ಒಬ್ಬನೇ ಚಾಲಕ ನಡೆಸುವ ಪದ್ಧತಿಯನ್ನು ಅಮೆರಿಕದ ಫ್ರಾಂಕ್ ಸ್ಪ್ರೇಗ್ 1897ರಲ್ಲೇ ಷಿಕಾಗೋದ ಎತ್ತರದ ರೈಲುದಾರಿಗಾಗಿ ಮಾಡಿ ತೋರಿಸಿದ. ಇಂದಿಗೂ ಜೋಡಿ ಡೀಸೆಲ್ ಇಂಜಿನ್‌ಗಳ ನಡುವೆ ಕೇಬಲ್ ಹಾಕಿ ಮುಂದಿನ ಕ್ಯಾಬಿನಿಂದಲೇ ಎರಡನ್ನೂ ಓಡಿಸುತ್ತಾರೆ. ಅಲ್ಲಿ ಚಕ್ರ ಮತ್ತು ಮೋಟಾರಿನ ನಡುವೆ ಜಾಕಿಯಂಥ ಬಿಗಿ ಇಲ್ಲ. ಒಂದು ಸ್ವಲ್ಪ ಮುಂದಾದರೆ ಭಾರ ಅದರ ಮೇಲೆ ಬೀಳುತ್ತದೆ, ಅದು ತಾನಾಗಿ ತಗ್ಗುತ್ತದೆ, ಕೆಲಸ ಹಂಚಿಹೋಗುತ್ತದೆ.

ಡಿಸಿಸಿಯಲ್ಲಿ ಎರಡು ಇಂಜಿನ್ ಒಂದೇ ವಿಳಾಸದಲ್ಲಿದ್ದರೆ ಎರಡಕ್ಕೂ ಒಂದೇ ಆದೇಶ ಹೋಗುತ್ತದೆ, ಅಷ್ಟೇ. ಆದೇಶದಲ್ಲಿ ವೇಗವನ್ನು ಹೆಜ್ಜೆಗಳಲ್ಲಿ, ಅಂದರೆ ಮೆಟ್ಟಿಲುಗಳಲ್ಲಿ ಹೇಳುತ್ತಾರೆ. "40ನೇ ಹೆಜ್ಜೆ" ಎಂದರೆ ಕೆಂಪಿಗೆ ಒಂದು ವೇಗ, ಹಸಿರಿಗೆ ಇನ್ನೊಂದು. ಇದನ್ನು ನೋಡಲು ಅಳಿಯ ಎರಡನ್ನೂ ಕಪ್ಲಿಂಗ್ ಬಿಡಿಸಿ, ಒಂದು ಗೇಣು ಅಂತರದಲ್ಲಿ ಒಂದೇ ಸುತ್ತಿನಲ್ಲಿ ಬಿಟ್ಟ. ಹಸಿರು ಮುಂದೆ, ಕೆಂಪು ಹಿಂದೆ. ಅರ್ಧ ಸುತ್ತಿಗೇ ಕೆಂಪು ಹೋಗಿ ಹಸಿರಿಗೆ ತಾಗಿತು. ಅಲ್ಲಿ ವಾದ ಮುಗಿಯಿತು.

ವೇಗ ಹೊಂದಿಸಿದ ಬಗೆ

ಇಲ್ಲಿ ಅವರು ತೆಗೆದುಕೊಂಡ ಕೆಲವು ನಿರ್ಧಾರಗಳು ಬಹಳ ಒಳ್ಳೆಯವು.

ಮೊದಲನೆಯದು, ಬೇಗದ್ದನ್ನು ನಿಧಾನದ್ದಕ್ಕೆ ತಂದರು. ನಿಧಾನದ ಇಂಜಿನ್ನಿಗೆ ಇಲ್ಲದ ವೇಗ ಕೊಡಲು ಬರುವುದಿಲ್ಲ, ಬೇಗದ್ದನ್ನು ತಗ್ಗಿಸಬಹುದು. ಗೂಡ್ಸ್ ಗಾಡಿಗೆ ಎಷ್ಟಾದರೂ ವೇಗ ಬೇಡ.

ಹೊಂದಿಸುವ ಮೊದಲು ಎರಡೂ ಇಂಜಿನ್‌ಗಳನ್ನು ಕಾಲು ಗಂಟೆ ಸುಮ್ನೆ ಓಡಿಸಿ ಬಿಸಿ ಮಾಡಿದರು. ತಣ್ಣಗಿರುವಾಗ ಗ್ರೀಸು ಗಟ್ಟಿ, ಆಗ ಬಂದ ಲೆಕ್ಕ ಆಮೇಲೆ ತಪ್ಪುತ್ತದೆ. ವೇಗ ನಿಧಾನವಾಗಿ ಏರುವಂತೆ, ಇಳಿಯುವಂತೆ ಮಾಡುವ ಸಿವಿ 3 ಮತ್ತು ಸಿವಿ 4ನ್ನು ಸೊನ್ನೆ ಮಾಡಿದರು. ಸಿವಿ ಎಂದರೆ ಡಿಕೋಡರ್ ಒಳಗೆ ನಾವು ಬರೆದಿಡುವ ಅಂಕಿಗಳ ಖಾನೆ. ಆ ಎರಡನ್ನು ಕೊನೆಯಲ್ಲಿ ಎರಡೂ ಇಂಜಿನ್ನಿಗೆ ಹೊಂದುವಂತೆ ತುಂಬಿದರು.

ಅಳತೆಗೆ 3 ಮೀಟರ್ ನೇರ ಹಳಿ ಗುರುತು ಮಾಡಿದರು. ಮಾಷ್ಟ್ರು ಲೆಕ್ಕ ಹಾಕಿದರು: 3 ಮೀಟರ್ ಅಂದರೆ ದೊಡ್ಡ ರೈಲಿನ 261 ಮೀಟರ್. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅದಕ್ಕೆ 31 ಸೆಕೆಂಡ್ ಬೇಕು. ಹಸಿರು 31 ಸೆಕೆಂಡಿನಲ್ಲಿ ದಾಟುವ ಹೆಜ್ಜೆಯಲ್ಲೇ ಕೆಂಪು 24ರಲ್ಲಿ ದಾಟಿತು. ಅಷ್ಟು ವ್ಯತ್ಯಾಸ.

ಸಿವಿ 2 ಹೊರಡುವ ವೋಲ್ಟೇಜ್, ಸಿವಿ 5 ಗರಿಷ್ಠ, ಸಿವಿ 6 ನಡುವಿನದು. ಮೂರನ್ನೂ ಸರಿಮಾಡುವಾಗ ಅಳಿಯನಿಗೆ ಗರಿಷ್ಠ ವೇಗದ ಮೇಲೇ ಕಣ್ಣು. ಮಾಷ್ಟ್ರು ಒಪ್ಪಲಿಲ್ಲ. "ಘಾಟಿಯಲ್ಲಿ ನಾವು ಓಡಿಸುವುದು ಮೆಲ್ಲಗೆ. ಹೊರಡುವಾಗ ಸರಿ ಇರಲಿ, 30ರಲ್ಲಿ ಸರಿ ಇರಲಿ. 90ರಲ್ಲಿ ಯಾರಿಗೆ ಬೇಕು?" ಎಂದರು. ನಿಜವಾಗಿ ಬಳಸುವ ವೇಗದಲ್ಲಿ ಹೊಂದಿದರೆ ಸಾಕು. ಎರಡೂ ಒಟ್ಟಿಗೆ ಹೊರಡುವುದು ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಕಪ್ಲಿಂಗ್ ಬಿಡುವುದು ಹೆಚ್ಚಾಗಿ ಆ ಮೊದಲ ಎಳೆತಕ್ಕೆ.

ನಡುವಿನ ವೇಗಗಳಲ್ಲಿ ಮೂರು ಬಿಂದು ಸಾಲಲಿಲ್ಲ. ಆಗ ಸಿವಿ 67ರಿಂದ 94ರವರೆಗಿನ 28 ಬಿಂದುಗಳ ವೇಗಪಟ್ಟಿ ಬಳಸಿದರು. ಸಿವಿ 29ರಲ್ಲಿ 16 ಕೂಡಿಸಿದರೆ ಈ ಪಟ್ಟಿ ಚಾಲೂ ಆಗುತ್ತದೆ. ಕೈಯಲ್ಲಿ ಒಂದೊಂದೇ ಬರೆಯುವುದು ತಾಳ್ಮೆಯ ಕೆಲಸ. ಜೆಎಂಆರ್‌ಐ ಎಂಬ ಉಚಿತ ಸಾಫ್ಟ್‌ವೇರಿನ ಡಿಕೋಡರ್‌ಪ್ರೊ ಇದಕ್ಕೆ ಒಳ್ಳೆಯ ಸಹಾಯ, ಪಟ್ಟಿಯನ್ನು ಗೆರೆಯಾಗಿ ನೋಡಿ ಎಳೆಯಬಹುದು.

ಹಿಮ್ಮುಖವಾಗಿಯೂ ಅಳೆದರು. ಜೋಡಿಯಲ್ಲಿ ಎರಡನೇ ಇಂಜಿನ್ ಬೆನ್ನು ತಿರುಗಿಸಿ ನಿಂತರೆ ಅದು ಓಡುವುದು ಹಿಮ್ಮುಖವಾಗಿ. ಹಲವು ಇಂಜಿನ್‌ಗಳಿಗೆ ಎರಡು ದಿಕ್ಕಿನ ವೇಗ ಒಂದೇ ಇರುವುದಿಲ್ಲ. ಸಿವಿ 66 ಮತ್ತು 95 ಇರುವುದು ಅದನ್ನು ಸರಿಪಡಿಸಲು.

ಆ ಗೇಣು ಅಂತರದ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಹಲವು ಸುತ್ತು ಹೋದರೂ ಅಂತರ ಹೆಚ್ಚುಕಡಿಮೆ ಹಾಗೇ ಉಳಿಯಿತು. ಸಮತಟ್ಟಿನಲ್ಲಿ ಗಾಡಿ ನೀರು ಹರಿದಷ್ಟು ಸಲೀಸು. ಎಲ್ಲರಿಗೂ ಖುಷಿ. ಘಾಟಿಗೆ ಬಿಟ್ಟರು. ಕೆಂಪಿನ ಚಕ್ರ ಮತ್ತೆ ಜಾರಿತು.

ಸಮತಟ್ಟಿನಲ್ಲಿ ಸರಿ, ಏರಿನಲ್ಲಿ ತಪ್ಪು

ಹಲವರು ಕೈಬಿಡುವುದು ಈ ಹಂತದಲ್ಲೇ. ವೇಗ ಹೊಂದಿಸಿಯೂ ಆಗಲಿಲ್ಲವಲ್ಲ ಎಂದು ಬೇಸರ ಬರುತ್ತದೆ. ಅಳಿಯ ಮತ್ತೆ ಮೂರನೇ ಇಂಜಿನ್ ಮಾತೆತ್ತಿದ. ಮಾಷ್ಟ್ರು ಬೇಡ ಎಂದರು. ಲೆಕ್ಕದ ಪ್ರಕಾರ ಎರಡು ಸಾಕು, ಹಾಗಾದರೆ ಕಾರಣ ಹುಡುಕಬೇಕು ಎಂಬುದು ಅವರ ಹಟ.

ಕಾರಣ ಡಿಕೋಡರ್‌ಗಳಲ್ಲಿ ಸಿಕ್ಕಿತು. ಕೆಂಪಿನದ್ದು ಹೊಸ ಸೌಂಡ್ ಡಿಕೋಡರ್. ಅದಕ್ಕೆ ಬ್ಯಾಕ್ ಇಎಂಎಫ್ ಸೌಲಭ್ಯ ಇತ್ತು. ತಿರುಗುವ ಮೋಟಾರು ತಾನೇ ಸ್ವಲ್ಪ ವೋಲ್ಟೇಜ್ ಹುಟ್ಟಿಸುತ್ತದೆ. ಡಿಕೋಡರ್ ಅದನ್ನು ಅಳೆದು ವೇಗ ತಿಳಿಯುತ್ತದೆ, ಭಾರ ಬಿದ್ದು ವೇಗ ಇಳಿದರೆ ಕೂಡಲೇ ಜಾಸ್ತಿ ಕರೆಂಟು ಕೊಟ್ಟು ಹಿಡಿದಿಡುತ್ತದೆ. ಹಸಿರಿನ ಹಳೆಯ ಅಗ್ಗದ ಡಿಕೋಡರ್‌ಗೆ ಇದು ಇರಲಿಲ್ಲ. ಅದರ ಮೋಟಾರು ಭಾರಕ್ಕೆ ಸಹಜವಾಗಿ ತಗ್ಗುತ್ತದೆ.

ಏರಿನಲ್ಲಿ ಏನಾಗುತ್ತದೆ ನೋಡಿ. ಕೆಂಪು ತನ್ನ ವೇಗ ಬಿಡುವುದಿಲ್ಲ. ಹಸಿರು ಭಾರ ಹೊರಬೇಕಾದರೆ ಸ್ವಲ್ಪ ತಗ್ಗಬೇಕು. ಆದರೆ ಕೆಂಪು ತಗ್ಗಲು ಬಿಡದೆ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಹಸಿರು ತನ್ನ ಭಾರವಿಲ್ಲದ ವೇಗದಲ್ಲೇ ಉರುಳುತ್ತದೆ, ಅಂದರೆ ಕೆಲಸವನ್ನೇ ಮಾಡುವುದಿಲ್ಲ. ಇಡೀ ಗಾಡಿ ಕೆಂಪಿನ ಮೇಲೆ. ಅದಕ್ಕೆ ಏರಿನಲ್ಲಿ ಸಿಗುವ 82 ಗ್ರಾಂ ಸಾಲದೆ ಜಾರುತ್ತದೆ. ಹಳಿಯ ವೋಲ್ಟೇಜನ್ನೇ ಏರಿಸಿ ಇಳಿಸಿ ಓಡಿಸುತ್ತಿದ್ದ ಹಳೆಯ ಡಿಸಿ ಕಾಲದಲ್ಲಿ ಎಂತೆಂಥ ಇಂಜಿನ್‌ಗಳನ್ನೋ ಜೋಡಿಸಿ ಓಡಿಸುತ್ತಿದ್ದವರು ಈಗ ಯಾಕೆ ಕಷ್ಟ ಎಂದು ಕೇಳುವುದುಂಟು. ಆಗ ಎಲ್ಲ ಮೋಟಾರುಗಳೂ ಭಾರಕ್ಕೆ ತಗ್ಗುತ್ತಿದ್ದವು, ತಗ್ಗಿ ಹಂಚಿಕೊಳ್ಳುತ್ತಿದ್ದವು. ಇದೇ ಉತ್ತರ.

ಮೊದಲು ಕೆಂಪಿನ ಬ್ಯಾಕ್ ಇಎಂಎಫ್ ಆರಿಸಿ ನೋಡಿದರು. ಜಾರುವುದು ನಿಂತಿತು! ಗಾಡಿ ಮೊದಲ ಸಲ ಜಗ್ಗದೆ ಘಾಟಿ ಹತ್ತಿತು. ಆದರೆ ತೀರಾ ಮೆಲ್ಲಗೆ ಹೋಗುವಾಗ ಕೆಂಪು ತಡವರಿಸತೊಡಗಿತು. ನಿಲ್ದಾಣದಿಂದ ಹೊರಡುವುದೇ ಚೆಂದ ಇರಲಿಲ್ಲ. ಎರಡು ದಾರಿ ಇತ್ತು: ಹೀಗೇ ಬಿಡುವುದು, ಅಥವಾ ಹಸಿರಿಗೂ ಅದೇ ಜಾತಿಯ ಡಿಕೋಡರ್ ಹಾಕುವುದು. ಮಾಷ್ಟ್ರು ಎರಡನೆಯದನ್ನು ಆರಿಸಿದರು. ಮೂರನೇ ಇಂಜಿನ್ನಿಗೆ ಕೊಟ್ಟದ್ದಕ್ಕಿಂತ ಇದಕ್ಕೆ ಬಹಳ ಕಡಿಮೆ ಖರ್ಚಾಯಿತು. ಹೊಸ ಡಿಕೋಡರ್ ಹಾಕಿ, ವೇಗವನ್ನು ಮೊದಲಿಂದ ಹೊಂದಿಸಿ, ಎರಡರಲ್ಲೂ ಬ್ಯಾಕ್ ಇಎಂಎಫ್‌ನ ಬಿಗಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರು. ಎರಡಕ್ಕೂ ಪೂರ್ತಿ ಬಿಗಿ ಕೊಟ್ಟರೆ ವೇಗದ ಕೂದಲೆಳೆಯ ವ್ಯತ್ಯಾಸಕ್ಕೂ ಒಂದೇ ಇಂಜಿನ್ ಎಲ್ಲ ಭಾರ ಹೊರುತ್ತದೆ. ಸ್ವಲ್ಪ ಸಡಿಲ ಇರಲೇಬೇಕು. ಈ ಖಾನೆಯ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆ. ಜೋಡಿಯಲ್ಲಿದ್ದಾಗ ಮಾತ್ರ ತಾನಾಗಿ ಸಡಿಲವಾಗುವ ಡಿಕೋಡರ್‌ಗಳೂ ಇವೆ. ಕೈಪಿಡಿ ನೋಡಬೇಕು.

ಹಳಿ, ವೈರು, ತೂಕ

ಇದರ ನಡುವೆ ಇನ್ನೊಂದು ಸಂಗತಿ ಬಯಲಾಯಿತು. ಕೋಣೆಯ ಆಚೆ ಮೂಲೆಯಲ್ಲಿ ಎರಡೂ ಇಂಜಿನ್ ನಿಧಾನವಾಗುತ್ತಿದ್ದವು, ಒಂದರ ಹಿಂದೆ ಒಂದು. ಹಳಿ ತುಂಡುಗಳನ್ನು ಸೇರಿಸುವ ಜಾಯಿನರ್‌ಗಳು ನಮ್ಮ ಕಡೆಯ ತೇವಕ್ಕೆ ಕಪ್ಪಾಗಿದ್ದವು. ಕರೆಂಟು ಅವುಗಳ ಮೂಲಕವೇ ದಾಟಿ ಬರಬೇಕಿತ್ತು. ಅಳಿಯನ ಕೈಗೆ ಇದು ಸುಲಭದ ಕೆಲಸ. ಹಲಗೆಯ ಅಡಿಯಲ್ಲಿ ದಪ್ಪ ತಾಮ್ರದ ವೈರು ಸುತ್ತ ಎಳೆದು, ಪ್ರತಿ ಮೀಟರಿಗೆ ಒಂದರಂತೆ ಹಳಿಗೆ ಸಣ್ಣ ವೈರು ಬೆಸುಗೆ ಹಾಕಿದ. ಆಮೇಲೆ ಎರಡೂ ಹಳಿಗೆ ತಾಗುವಂತೆ ಅಲ್ಲಲ್ಲಿ ನಾಣ್ಯ ಇಟ್ಟು, ಬೇಕೆಂದೇ ಶಾರ್ಟ್ ಮಾಡಿ ಪರೀಕ್ಷೆ. ಎಲ್ಲಿ ಇಟ್ಟರೂ ಸಿಸ್ಟಂ ಕೂಡಲೇ ಆಫ್ ಆಗಬೇಕು. ಆಗದಿದ್ದರೆ ಅಲ್ಲಿಯ ವೈರಿಂಗ್ ಸಾಲದು ಎಂದರ್ಥ. ಜೋಡಿ ಇಂಜಿನ್ ಅಂದರೆ ಜೋಡಿ ಕರೆಂಟು. ಒಂದು ಇಂಜಿನ್ನಿಗೆ ನಡೆದ ವೈರು ಮೂರಕ್ಕೆ ನಡೆಯುವುದಿಲ್ಲ.

ವ್ಯಾಗನ್ ತೂಕದ ಬಗ್ಗೆ ಮಾವ ಅಳಿಯನ ನಡುವೆ ಜಗಳವೇ ಆಯಿತು. ಎನ್‌ಎಂಆರ್‌ಎ ಶಿಫಾರಸಿನಂತೆ ಎಚ್‌ಒ ವ್ಯಾಗನ್‌ಗೆ ಒಂದು ಔನ್ಸ್, ಅದರ ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್ ತೂಕ ಇರಬೇಕು. 6 ಇಂಚಿನ ವ್ಯಾಗನ್‌ಗೆ ಅದು 4 ಔನ್ಸ್, ಸುಮಾರು 113 ಗ್ರಾಂ. ಇವರದ್ದು 80. "ಭಾರ ಹಾಕಿದರೆ ಇಂಜಿನ್ನಿಗೆ ಮತ್ತೆ ಕಷ್ಟ ಅಲ್ವಾ ಮಾವ?" ಎಂದ ಅಳಿಯ. ಅವನ ಮಾತು ಸುಳ್ಳಲ್ಲ. ತೂಕ ಹೆಚ್ಚಿಸಿದರೆ 18 ವ್ಯಾಗನ್ 2 ಕಿಲೋ ದಾಟುತ್ತದೆ, ಏರಿನಲ್ಲಿ 130 ಗ್ರಾಂನಷ್ಟು ಎಳೆತ ಬೇಕು. ಜೋಡಿಯಲ್ಲಿ ಇರುವುದು 145. ಅಂಚು ತೀರಾ ತೆಳ್ಳಗೆ. ಆದರೆ ಹಗುರ ವ್ಯಾಗನ್ ಹಳಿಯ ಮೇಲೆ ಕೂರುವುದಿಲ್ಲ. ಮಾಷ್ಟ್ರು ತೂಕ ಹಾಕುವುದೇ ಸರಿ ಎಂದರು, ನಾನೂ ಅವರ ಕಡೆಗೇ ನಿಂತೆ. ವಾಷರ್‌ಗಳನ್ನು ವ್ಯಾಗನ್ ಒಳಗೆ ಅಂಟಿಸಿದರು. ಏರು ಶುರುವಾಗುವ ಜಾಗದ ಮೊಂಡು ಮೂಲೆಯನ್ನು ರಟ್ಟಿನ ತುಂಡು ಕೊಟ್ಟು ಮೆಲ್ಲಗೆ ಬಾಗುವಂತೆ ಮಾಡಿದರು. ಕಪ್ಲಿಂಗ್ ಬಿಡುವುದು ಅಲ್ಲಿಗೆ ನಿಂತಿತು.

ಬ್ಯಾಂಕರ್

ಈಗ ನೀಲಿ ಕಪಾಟಿನಿಂದ ಹೊರಬಂತು. ಅಳಿಯ ಅದನ್ನು ಹಿಂದೆ ಕಟ್ಟಿ, ಮೂರನ್ನೂ ಒಂದೇ ವಿಳಾಸಕ್ಕೆ ಸೇರಿಸಿದ. ಏರಿನಲ್ಲಿ ಪರವಾಗಿಲ್ಲ. ಘಾಟಿ ಮುಗಿದು ಸಮತಟ್ಟು ಬಂದ ಕೂಡಲೇ ನೀಲಿ ತಳ್ಳಿದ್ದೇ ತಳ್ಳಿದ್ದು. ಎಡಕ್ಕೂ ಬಲಕ್ಕೂ ತಿರುಗುವ ಜಾಗದಲ್ಲಿ ನಡುವಿನ ವ್ಯಾಗನ್‌ಗಳು ಹೊರಗೆ ಚಿಮ್ಮಿದವು.

ಇಲ್ಲಿ ಮಾಷ್ಟ್ರು ನಿಜವಾದ ಘಾಟಿಯನ್ನು ನೆನೆದರು. ಅಲ್ಲಿ ಬ್ಯಾಂಕರ್‌ಗೆ ಅದರದ್ದೇ ಲೋಕೋ ಪೈಲಟ್ ಇರುತ್ತಾರೆ. ಹಾಗಾದರೆ ಇಲ್ಲಿಯೂ ಬೇರೆ ಕೈ ಇರಲಿ. ನೀಲಿಯನ್ನು ಜೋಡಿಯಿಂದ ಬಿಡಿಸಿ, ಬೇರೆ ಥ್ರಾಟಲ್ (ವೇಗ ಏರಿಸಿ ಇಳಿಸುವ ಕೈ ಉಪಕರಣ) ಕೊಟ್ಟು ಪಕ್ಕದ ಮನೆಯ ಹುಡುಗನ ಕೈಗೆ ಒಪ್ಪಿಸಿದರು. ನೀಲಿಯ ವೇಗವನ್ನು ಮುಂದಿನವುಗಳಿಗಿಂತ ಒಂದು ಹೆಜ್ಜೆ ಕೆಳಗೆ ಇಟ್ಟರು. ಏರಿನಲ್ಲಿ ಭಾರಕ್ಕೆ ಮುಂದಿನ ಜೋಡಿ ತಗ್ಗಿದಾಗ ಗಾಡಿ ಹಿಂದಕ್ಕೆ ವಾಲುತ್ತದೆ, ಆಗ ನೀಲಿ ತನ್ನ ಪಾಲು ಹೊರುತ್ತದೆ. ಸಮತಟ್ಟಿಗೆ ಬಂದಾಗ ಜೋಡಿ ಮುಂದೆ ಹೋಗುತ್ತದೆ, ನೀಲಿ ತಳ್ಳುವುದಿಲ್ಲ. ಘಾಟಿಯ ತುದಿಯಲ್ಲಿ ಹುಡುಗ ಅದನ್ನು ಬಿಡಿಸಿ ಕೆಳಗೆ ತರುತ್ತಾನೆ. ತೀರಾ ತೆಳ್ಳಗಿದ್ದ ಆ ಎಳೆತದ ಅಂಚು ಈಗ ದಪ್ಪವಾಯಿತು. ನೀಲಿಯನ್ನು ತರಿಸಿದ್ದು ದಂಡ ಅಲ್ಲ, ತರಿಸಿದ ಹೊತ್ತು ಮಾತ್ರ ಸರಿ ಇರಲಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಒಂದು ದಿನ ಆ ಹುಡುಗ ಓಡಿ ಬಂದ. ಕೆಂಪು ಸತ್ತುಹೋಗಿದೆ, ಎಷ್ಟು ಒತ್ತಿದರೂ ಅಲುಗುವುದಿಲ್ಲ ಎಂದ. ಅಳಿಯ ಜೋಡಿಯನ್ನು ಸಿವಿ 19ರಲ್ಲಿ ಕಟ್ಟಿದ್ದ. ಆ ಖಾನೆಯಲ್ಲಿ ಜೋಡಿಯ ವಿಳಾಸ 12 ಎಂದು ಬರೆದರೆ ಇಂಜಿನ್ ತನ್ನ ಸ್ವಂತ ವಿಳಾಸಕ್ಕೆ ಬಂದ ವೇಗದ ಆದೇಶ ಕೇಳುವುದಿಲ್ಲ, 12ಕ್ಕೆ ಬಂದದ್ದನ್ನು ಮಾತ್ರ ಕೇಳುತ್ತದೆ. ಬೆನ್ನು ತಿರುಗಿಸಿ ನಿಂತ ಇಂಜಿನ್ನಿಗೆ 128 ಕೂಡಿಸಿ 140 ಎಂದು ಬರೆಯಬೇಕು. ಬಿಡಿಸಿದ ಮೇಲೆ ಸೊನ್ನೆ. ಹುಡುಗ ಕೆಂಪನ್ನು ಸುಮ್ನೆ ಎತ್ತಿ ಬೇರೆ ಹಳಿಗೆ ಇಟ್ಟಿದ್ದ, ಖಾನೆಯಲ್ಲಿ 12 ಹಾಗೇ ಇತ್ತು. ಕೆಟ್ಟಿದೆ ಎಂದು ದುರಸ್ತಿಗೆ ಹೊರಟ ಎಷ್ಟೋ ಇಂಜಿನ್‌ಗಳ ಕಾಯಿಲೆ ಇದೇ. ಅವತ್ತಿನಿಂದ ಗೋಡೆಯಲ್ಲಿ ಒಂದು ಸ್ಲೇಟು ತೂಗುತ್ತದೆ. ಯಾವ ಇಂಜಿನ್ ಯಾವ ಜೋಡಿಯಲ್ಲಿದೆ ಎಂದು ಅದರಲ್ಲಿ ಬರೆಯುತ್ತಾರೆ. ಹಾರನ್ ಎರಡರಲ್ಲೂ ಕೂಗದಂತೆ ಸಿವಿ 21, ದೀಪಕ್ಕೆ ಸಿವಿ 22 ಸರಿಮಾಡಿದರು.

ಈಗಿನ ಸ್ಥಿತಿ

18 ವ್ಯಾಗನ್‌ಗಳ ಗಾಡಿ ಈಗ ಜಗ್ಗದೆ ಘಾಟಿ ಹತ್ತುತ್ತದೆ. ಕೆಂಪಿನ ರಬ್ಬರ್ ಬಳೆ ಮತ್ತೆ ಕಿತ್ತು ಬಂದಿಲ್ಲ. ಮೋಟಾರು ಬೆಚ್ಚಗಿರುತ್ತದೆ, ಸುಡುವುದಿಲ್ಲ. 26 ವ್ಯಾಗನ್ ಕಟ್ಟುವ ಆಸೆ ಅಳಿಯನಿಗೆ ಇನ್ನೂ ಇದೆ. ಆ ತಿರುವು, ಆ ಏರು ಇರುವವರೆಗೆ ಅದು ಬೇಡ ಎಂದು ನಾನು ಹೇಳಿದ್ದೇನೆ.

ಇಂಥದ್ದಕ್ಕೆ ಕೈ ಹಾಕುವವರು ಮೊದಲು ತಕ್ಕಡಿ ಪರೀಕ್ಷೆ ಮಾಡಿ, ಆಮೇಲೆ ಗೇಣು ಅಂತರದ ಪರೀಕ್ಷೆ. ಎರಡಕ್ಕೂ ದುಡ್ಡಿನ ಖರ್ಚಿಲ್ಲ. ಡಿಕೋಡರ್‌ಗಳು ಒಂದೇ ಜಾತಿಯವೇ ಎಂದು ಇಂಜಿನ್ ಕೊಳ್ಳುವಾಗಲೇ ನೋಡಿ. ಹೊಂದಿಸಿದ ಅಂಕಿಗಳನ್ನು ಬರೆದಿಡಿ. ಮಾಷ್ಟ್ರ ಪುಸ್ತಕದಲ್ಲಿ ಪ್ರತಿ ಇಂಜಿನ್ನಿಗೆ ಒಂದು ಪುಟ ಇದೆ: ಎಳೆತ, 3 ಮೀಟರಿನ ಸೆಕೆಂಡು, ಸಿವಿಗಳು.

ಆ ಪುಸ್ತಕ ಉಪಯೋಗಕ್ಕೆ ಬಂದದ್ದು ಮಳೆಗಾಲ ಕಳೆದ ಮೇಲೆ. ತಿಂಗಳುಗಟ್ಟಲೆ ಓಡಿಸದೆ ಇಟ್ಟಿದ್ದ ಜೋಡಿ ಮತ್ತೆ ಸ್ವಲ್ಪ ಜಗ್ಗತೊಡಗಿತ್ತು. ಹಸಿರು 31ರ ಬದಲು 34 ಸೆಕೆಂಡ್ ತೆಗೆದುಕೊಂಡಿತು, ಕೆಂಪು ಮೊದಲಿನ ಹಾಗೇ ಇತ್ತು. ಅಳಿಯ ಸಿವಿ ಬದಲಿಸಲು ಹೊರಟ. ಮಾಷ್ಟ್ರು ತಡೆದರು. ಗೇರಿನ ಮುಚ್ಚಳ ತೆಗೆದು ನೋಡಿದರೆ ಹಳೆಯ ಗ್ರೀಸಿಗೆ ದೂಳು ಸೇರಿ ಮೇಣದಂತೆ ಆಗಿತ್ತು. ಒರೆಸಿ, ಹೊಸ ಗ್ರೀಸು ತೆಳ್ಳಗೆ ಹಚ್ಚಿ, ಕಾಲು ಗಂಟೆ ಓಡಿಸಿ ಮತ್ತೆ ಅಳೆದರು. 31 ಬಂತು. ಸಿವಿ ಮುಟ್ಟುವ ಅಗತ್ಯವೇ ಬರಲಿಲ್ಲ.